ಒಂದು ಹಲ್ಲಿನ ಪ್ರಾರ್ಥನಾ ಸರಪಳಿ

ಮರಿಪಾದ್ರಿಯ ಬಾಯಲ್ಲಿ ಒಂದು ಹಲ್ಲೂ ನೋಯುತ್ತಿರಲಿಲ್ಲ. ಅಂದಿನ ಗೋಳೆಲ್ಲ ಶುರುವಾದದ್ದೇ ಅಲ್ಲಿಂದ.

ಮರಿಪಾದ್ರಿ ಎಂಬುದು ಅವನಿಗೆ ಮಿಷನ್ ಮನೆಯವರು ಇಟ್ಟ ಹೆಸರು. ಊರು ಬಿಟ್ಟು, ದೇಶ ಬಿಟ್ಟು ಅಲ್ಲಿಗೆ ಇಂಟರ್ನ್ ಆಗಿ ಬಂದು ವರ್ಷ ದಾಟಿತ್ತು. ಇಂಟರ್ನ್ ಎಂದರೆ ದೇವರ ಸೇವೆ ಕಲಿಯುವವನು ಎಂದು ಕರೆತರುವಾಗ ಹೇಳಿದ್ದರು. ಬಂದಮೇಲೆ ತಿಳಿದದ್ದು, ಇಂಟರ್ನ್ ಎಂದರೆ ಕುರ್ಚಿ ಹೊರುವವನು. ಭಾನುವಾರ ಆರಾಧನೆಗೆ ಕುರ್ಚಿ ಸಾಲಾಗಿ ಹಾಕು, ಸೋಮವಾರ ತೆಗೆ, ಮಂಗಳವಾರ ಹೆಂಗಸರ ಕೂಟಕ್ಕೆ ದುಂಡಗೆ ಹಾಕು, ಬುಧವಾರ ಮತ್ತೆ ತೆಗೆ. ನಾಳೆ ಸ್ವರ್ಗಕ್ಕೆ ಹೋದರೂ ಬಾಗಿಲಲ್ಲೇ ಯಾರಾದರೂ ನಿಂತು "ಬಂದ್ಯಾ, ಕುರ್ಚಿ ಆ ಮೂಲೇಲಿವೆ ನೋಡು" ಎನ್ನುತ್ತಾರೆಂದು ಅವನಿಗೆ ಖಾತ್ರಿಯಾಗಿತ್ತು.

ಅದನ್ನಾದರೂ ಸಹಿಸಬಹುದು. ಆದರೆ ಬೆಳಗಿನ ಹೊರೆ ಹೇಳುವ ಪದ್ಧತಿ ಮಾತ್ರ ಅವನಿಗೆ ಇಂದಿಗೂ ಅರ್ಥವಾಗಿರಲಿಲ್ಲ. ತಿಂಡಿಗೆ ಮುಂಚೆ ಎಲ್ಲರೂ ದುಂಡಗೆ ಕೂತು ಒಬ್ಬೊಬ್ಬರಾಗಿ ತಮ್ಮ ಮನಸ್ಸಿನ ಹೊರೆ ಹೇಳಬೇಕು, ಉಳಿದವರು ಅದಕ್ಕಾಗಿ ಪ್ರಾರ್ಥಿಸಬೇಕು. ಏನೂ ಇಲ್ಲ ಎನ್ನುವಂತಿಲ್ಲ. ಹಾಗೆ ಅಂದವನಿಗೆ ಅಹಂಕಾರವೆಂದು ಹೇಳಿ, ಅವನ ಅಹಂಕಾರಕ್ಕಾಗಿಯೇ ಎಲ್ಲರಿಗಿಂತ ಉದ್ದದ ಪ್ರಾರ್ಥನೆ ನಡೆಯುತ್ತಿತ್ತು.

ಅಂದು ಮರಿಪಾದ್ರಿಗೆ ನಿಜವಾದ ಹೊರೆಯೇ ಇತ್ತು. ಮುಂದಿನ ತಿಂಗಳು ಊರಲ್ಲಿ ತಂಗಿಯ ಮದುವೆ. ಅಪ್ಪ ಇಲ್ಲ. "ಅಣ್ಣ, ನೀನು ಬರದಿದ್ರೆ ನನ್ನ ಕೈ ಹಿಡ್ಕೊಂಡು ಚರ್ಚೊಳಗೆ ಕರ್ಕೊಂಡು ಹೋಗೋರು ಯಾರು?" ಎಂದು ಅವಳು ಫೋನಿನಲ್ಲಿ ಅತ್ತಿದ್ದಳು. ರಜೆಯೆಂಬುದು ಮಿಷನ್ ಮನೆಯಲ್ಲಿ ಒಂದು ಸಲಕ್ಕೆ ಒಬ್ಬ ಇಂಟರ್ನಿಗೆ ಮಾತ್ರ. ಯಾರಿಗೆ ಎಂದು ಅಂದು ಸಂಜೆಯ ಸಭೆಯಲ್ಲಿ ತೀರ್ಮಾನ.

ಹಾಗಾದರೆ ಬೆಳಗಿನ ಕೂಟದಲ್ಲೇ ಕೇಳಬಹುದಿತ್ತಲ್ಲ ಎಂದರೆ, ಅವನ ಕೋಣೆಯಲ್ಲೇ ಇದ್ದ ಇನ್ನೊಬ್ಬ ಇಂಟರ್ನಿನ ಪಾಡು ಅವನ ಕಣ್ಣ ಮುಂದಿತ್ತು. ಯಾರು ಏನೇ ಹೇಳಿದರೂ ಆಮೆನ್ ಎನ್ನುತ್ತಿದ್ದ ಅವನಿಗೆ ಆಮೆನ್ ಎಂದೇ ಹೆಸರು. ಅಣ್ಣನ ಮಗುವಿನ ದೀಕ್ಷಾಸ್ನಾನಕ್ಕೆ ಊರಿಗೆ ಹೋಗಬೇಕೆಂದು ಆಮೆನ್ ಕೂಟದಲ್ಲಿ ಹೊರೆ ಇಟ್ಟಿದ್ದ. ಅಯ್ಯನವರು, ಅಂದರೆ ಮಿಷನ್ ಮನೆಯ ಪಾಸ್ಟರು, ಕಣ್ಣು ಮುಚ್ಚಿ "ಪ್ರಾರ್ಥನೆಯಲ್ಲಿಡೋಣ" ಎಂದಿದ್ದರು. ಇಟ್ಟಿದ್ದು ಇಟ್ಟ ಹಾಗೇ ಇತ್ತು. ಅಷ್ಟರಲ್ಲಿ ಮಗು ಎದ್ದು ಓಡಾಡುತ್ತಿತ್ತು.

ಆದ್ದರಿಂದ ಮರಿಪಾದ್ರಿ ಒಂದು ಉಪಾಯ ಹೂಡಿದ. ಕೂಟದಲ್ಲಿ ಏನೋ ಒಂದು ಚಿಲ್ಲರೆ ಹೊರೆ ಎಸೆದು, ಆಮೇಲೆ ಅಯ್ಯನವರನ್ನು ಒಬ್ಬರೇ ಇರುವಾಗ ಹಿಡಿದು ರಜೆ ಕೇಳುವುದು.

"ನಿನ್ನ ಹೊರೆ ಏನಪ್ಪಾ?" ಅಯ್ಯನವರು ಕೇಳಿದರು.

"ಹಲ್ಲು ನೋವು ಅಯ್ಯನವರೇ."

"ಅಷ್ಟೇನಾ? ಮನೆ ಕಡೆ ಏನೂ ಇಲ್ವಾ?"

"ಇಲ್ಲ, ಎಲ್ಲ ಚೆನ್ನಾಗಿದ್ದಾರೆ. ಹಲ್ಲೊಂದೇ."

ಅಯ್ಯನವರು ಅವನನ್ನೇ ಒಂದು ಗಳಿಗೆ ನೋಡಿದರು. ಏಕೆ ಹಾಗೆ ನೋಡಿದರೆಂದು ಮರಿಪಾದ್ರಿಗೆ ತಿಳಿಯಲಿಲ್ಲ. "ಆಮೆನ್" ಎಂದ ಆಮೆನ್.

ತಿಂಡಿಯ ಮೇಜಿನ ಮೇಲೆ ಎಲ್ಲರಿಗೂ ರೊಟ್ಟಿ, ಮೊಟ್ಟೆ. ಮರಿಪಾದ್ರಿಯ ಮುಂದೆ ಮಾತ್ರ ನೀರಿನಂಥ ಗಂಜಿ.

"ದೊಡ್ಡಮ್ಮ, ನನಗೆ ರೊಟ್ಟಿ?"

"ಸುಮ್ನೆ ಕುಡಿ" ಎಂದಳು ಅಡುಗೆಯ ದೊಡ್ಡಮ್ಮ. "ಅಗಿಯೋ ಬಾಯಾ ಇದು? ಮಾತಾಡಬೇಡ, ದವಡೆಗೆ ಗಾಳಿ ಹೋಗುತ್ತೆ."

ಗಂಜಿ ಕುಡಿಸಿ ಅವಳು ಮಾಡಿದ ಮೊದಲ ಕೆಲಸವೆಂದರೆ ಹಲ್ಲನ್ನು ಪ್ರಾರ್ಥನಾ ಸರಪಳಿಗೆ ಹಾಕಿದ್ದು. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ ಹೊರೆ ದಾಟಿಸುವುದು, ಅವರು ಮತ್ತೊಬ್ಬರಿಗೆ ದಾಟಿಸುವುದು, ಇದು ಆ ಸಭೆಯವರ ಹಳೆಯ ಪದ್ಧತಿ. ಅವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಆದರೆ ಬರೀ ಹಲ್ಲಿಗಾಗಿ ಯಾರು ತಾನೇ ಮಂಡಿಯೂರುತ್ತಾರೆ ಎಂದು ಪ್ರತಿಯೊಬ್ಬರೂ ಕರುಣೆಯಿಂದ ಒಂದಿಷ್ಟು ಸೇರಿಸುತ್ತಿದ್ದರು. ಬೀದಿ ದಾಟುವಷ್ಟರಲ್ಲಿ ಹಲ್ಲು ದವಡೆಯಾಯಿತು. ಬೇಕರಿ ಮುಟ್ಟುವಾಗ ದವಡೆಗೆ ಕೀವು ತುಂಬಿತು. ಬಸ್ ನಿಲ್ದಾಣದ ಆಚೆ ಹೋದಮೇಲೆ, ದೂರದ ದೇಶದಿಂದ ಬಂದ ತಬ್ಬಲಿ ಹುಡುಗನಿಗೆ ಮುಖದ ಆಪರೇಷನ್ ಎಂದಾಗಿತ್ತು.

ಇದೊಂದೂ ತಿಳಿಯದ ಮರಿಪಾದ್ರಿ ಅಯ್ಯನವರ ಆಫೀಸಿನ ಬಾಗಿಲು ತಟ್ಟಿದ. ಅವರು ಒಬ್ಬರೇ ಇದ್ದರು. ಇಂಥ ಸಮಯ ಮತ್ತೆ ಸಿಗುವುದಿಲ್ಲ.

"ಅಯ್ಯನವರೇ, ಒಂದು ಮಾತು..."

"ಬೇಡ ಬೇಡ, ಮಾತಾಡಬೇಡ" ಎಂದು ಅಯ್ಯನವರೇ ಎದ್ದು ಬಂದು ಅವನ ಗಲ್ಲ ಹಿಡಿದು, ಕುದುರೆ ಕೊಳ್ಳುವವರ ಹಾಗೆ ಬಾಯೊಳಗೆ ಇಣುಕಿದರು. "ನೋವಿದ್ದಾಗ ಬಾಯಿ ಮುಚ್ಚಿಕೊಂಡಿರಬೇಕು. ಏನಿದ್ರೂ ಸಂಜೆ."

"ಸಂಜೆ ಅಂದ್ರೆ ತಡ ಆಗುತ್ತೆ, ನನಗೆ..."

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಗುಂಯ್ಗುಟ್ಟತೊಡಗಿತು. ಮುಗಿದ ಕೈಗಳ ಚಿತ್ರವಿದ್ದ ಮೆಸೇಜುಗಳು ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಎದ್ದು ಬರುತ್ತಿದ್ದವು. ಒಂದು ಕರೆ ತೆಗೆದುಕೊಂಡ ಅಯ್ಯನವರ ಮುಖ ಕಪ್ಪಿಟ್ಟಿತು.

"ಆಪರೇಷನ್ನಾ? ನನಗೆ ಹೇಳೇ ಇಲ್ಲ ಅವನು" ಎಂದು ಫೋನಿಗೆ ಹೇಳಿ, ಮರಿಪಾದ್ರಿಯ ಕಡೆ ತಿರುಗಿ "ಎಷ್ಟು ಸಹನೆ ಮಗನೇ ನಿಂದು" ಎಂದರು.

ಮರಿಪಾದ್ರಿ ಹೊರಗೆ ಬಂದು ಗೋಡೆಗೆ ಒರಗಿ ನಿಂತ. ಯಾರ ಆಪರೇಷನ್ ಎಂದೇ ಅವನಿಗೆ ಹೊಳೆಯಲಿಲ್ಲ. ಮಾತಾಡಲು ಬಿಡದಿದ್ದರೆ ಬೇಡ, ಮೆಸೇಜು ಮಾಡಿದರಾಯಿತು ಎಂದು ಫೋನು ತೆಗೆದ. "ಅಯ್ಯನವರೇ, ತಂಗಿ ಮದುವೆಗೆ ಊರಿಗೆ ಹೋಗಬೇಕು, ದಯಮಾಡಿ ರಜೆ ಕೊಡಿ" ಎಂದು ಬರೆದು ಕಳಿಸಿದ. ಪಾಪದ ಮೆಸೇಜು. ಜಾತ್ರೆಯ ನೂಕುನುಗ್ಗಲಲ್ಲಿ ತಾಯಿಯ ಕೈ ಬಿಟ್ಟ ಮಗುವಿನ ಹಾಗೆ ಮುಗಿದ ಕೈಗಳ ನಡುವೆ ಅದೆಲ್ಲಿ ಕಳೆದುಹೋಯಿತೋ.

ಅವನು ಫೋನು ಜೇಬಿಗಿಡುವಷ್ಟರಲ್ಲಿ ಪಕ್ಕದ ಮನೆಯ ನರ್ಸಜ್ಜಿ ಬಂದಳು. ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾದ ಮೇಲೆ ಅವಳ ಕೈಗೆ ಸಿಕ್ಕ ಮೊದಲ ರೋಗಿ ಇವನೇ ಇರಬೇಕು. ಅವಳ ಕೈಯಲ್ಲಿ ಲವಂಗದ ಎಣ್ಣೆ, ಹತ್ತಿ, ಉದ್ದನೆಯ ಬಿಳಿ ಬಟ್ಟೆ ಇದ್ದವು.

"ಯಾವ ಕಡೆ?"

"ಅಜ್ಜಿ, ಯಾವ ಕಡೇನೂ ಅಲ್ಲ."

"ಎರಡೂ ಕಡೇನಾ? ಅಯ್ಯೋ ಕಂದಾ" ಎಂದು ಗಲ್ಲದಿಂದ ನೆತ್ತಿಯವರೆಗೆ ಬಟ್ಟೆ ಸುತ್ತಿ, ತಲೆಯ ಮೇಲೆ ಮೊಲದ ಕಿವಿಯಂಥ ಗಂಟು ಹಾಕಿದಳು. ಈಗ ಬಾಯಿ ತೆರೆಯಬೇಕೆಂದರೂ ತೆರೆಯುವಂತಿರಲಿಲ್ಲ.

ಅದೇ ವೇಷದಲ್ಲಿ ಅವನು ಸಭೆಯ ಹಾಲ್‌ನಲ್ಲಿ ಕುರ್ಚಿ ಹಾಕುತ್ತಿದ್ದಾಗ ಅಯ್ಯನವರ ಹೆಂಡತಿ, ಎಲ್ಲರೂ ಅಮ್ಮನವರು ಎನ್ನುವವರು, ಕಾರಿನ ಕೀಲಿ ಆಡಿಸುತ್ತ ಬಂದರು. "ನಡಿಯಪ್ಪಾ, ಡಾಕ್ಟರಮ್ಮ ನಮ್ಮ ಸಭೆಯವರೇ. ಇವತ್ತು ಕ್ಲಿನಿಕ್ ರಜೆ, ಆದ್ರೂ ನಿನಗೋಸ್ಕರ ಬಾಗಿಲು ತೆಗೆದಿದ್ದಾರೆ."

ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಗಲ್ಲದ ಕಟ್ಟು ಬಿಚ್ಚಿದ ಕೂಡಲೇ ಮರಿಪಾದ್ರಿ ಸತ್ಯವನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದ. "ಡಾಕ್ಟರೇ, ನನಗೆ ಯಾವ ಹಲ್ಲೂ ನೋಯ್ತಿಲ್ಲ. ಬೆಳಿಗ್ಗೆ ಸುಳ್ಳು ಹೇಳಿದ್ದೆ. ದೇವರಾಣೆಗೂ ನೋವಿಲ್ಲ."

"ಈ ಕುರ್ಚಿ ಮೇಲೆ ಕೂತವರೆಲ್ಲ ಹೇಳೋದೇ ಹಾಗೆ" ಎಂದಳು ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತ.

"ಹೆದರಿದ್ದಾನೆ ಪಾಪ" ಎಂದರು ಅಮ್ಮನವರು. "ಆಣೆ ಇಡೋ ಅಭ್ಯಾಸ ಇವನಿಗಿರಲಿಲ್ಲ. ನೋವು ಏನೇನು ಮಾಡಿಸುತ್ತೆ ನೋಡಿ."

ಎಕ್ಸ್‌ರೇ ಬಂತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಲೊಚಗುಟ್ಟಿದಳು. ಬಲಗಡೆ ಕೊನೆಯಲ್ಲಿ ಒಂದು ಹಲ್ಲು, ಬಸ್ಸಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದವನ ಹಾಗೆ, ಪಕ್ಕದ ಹಲ್ಲಿನ ಮೈಮೇಲೆ ಅಡ್ಡ ಬಿದ್ದುಕೊಂಡಿತ್ತು. ಬುಡದಲ್ಲಿ ಕೊಳೆಯೂ ಹತ್ತಿತ್ತು.

"ಇದನ್ನಿಟ್ಕೊಂಡು ನೋವಿಲ್ಲ ಅಂತೀಯಲ್ಲಪ್ಪಾ."

ಮರಿಪಾದ್ರಿಗೆ ಈಗ ತಲೆ ಪೂರ್ತಿ ಕೆಟ್ಟಿತು. ಬೆಳಿಗ್ಗೆ ತಾನು ಹೇಳಿದ್ದು ಸುಳ್ಳೋ ನಿಜವೋ? ಇಷ್ಟು ದಿನ ನೋಯುತ್ತಿದ್ದದ್ದು ತನಗೇ ಗೊತ್ತಾಗಿರಲಿಲ್ಲವೋ, ಅಥವಾ ಅಷ್ಟು ಜನರ ಪ್ರಾರ್ಥನೆಗೆ ಮರ್ಯಾದೆ ಉಳಿಸಲು ಹಲ್ಲು ಅಲ್ಲೇ ಕೂತಕೂತಲ್ಲೇ ಕೊಳೆಯಿತೋ? ಅದನ್ನು ಬಗೆಹರಿಸಿಕೊಳ್ಳುವ ಮೊದಲೇ ಸೂಜಿ ಚುಚ್ಚಿತು. ಆಮೇಲೆ ಮರ ಮುರಿಯುವಂಥ ಸದ್ದು. ಆಮೇಲೆ ಬಾಯಿ ತುಂಬ ಹತ್ತಿ.

"ಇವತ್ತು ರಾತ್ರಿವರೆಗೂ ಒಂದು ಮಾತೂ ಆಡಕೂಡದು" ಎಂದಳು ಡಾಕ್ಟರಮ್ಮ.

"ನಾನು ನೋಡ್ಕೋತೀನಿ" ಎಂದರು ಅಮ್ಮನವರು. ಮರಿಪಾದ್ರಿಯ ಕಣ್ಣಲ್ಲಿ ನೀರು ಬಂತು. ಅದು ಹಲ್ಲಿಗಾಗಿ ಎಂದುಕೊಂಡು ಅವರು ತಮ್ಮ ಕರವಸ್ತ್ರ ಕೊಟ್ಟರು.

ಸಂಜೆಯ ಸಭೆಗೆ ಎಂದಿಗಿಂತ ಹೆಚ್ಚು ಜನ. ಆಪರೇಷನ್ ಆದ ತಬ್ಬಲಿಯನ್ನು ನೋಡಲು ಬೇರೆ ಬೀದಿಯವರೂ ಬಂದಿದ್ದರು. ಕುರ್ಚಿ ಸಾಲದೆ, ಬಾಯಿಗೆ ಹತ್ತಿ ತುರುಕಿಕೊಂಡೇ ಮರಿಪಾದ್ರಿ ತನ್ನನ್ನು ನೋಡಲು ಬಂದವರಿಗೆ ಕುರ್ಚಿ ಹೊತ್ತು ಹಾಕಿದ.

ಅಯ್ಯನವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಒಂದು ವಿಷಯ ನಾನು ಮುಚ್ಚಿಟ್ಟಿದ್ದೆ" ಎಂದರು. "ಹೋದ ವಾರ ನಮ್ಮ ಮರಿಪಾದ್ರಿಯ ತಾಯಿ ನನಗೆ ಫೋನ್ ಮಾಡಿದ್ದರು. ಇವನ ತಂಗಿಗೆ ಮದುವೆ. ಈ ಸಲದ ರಜೆಯನ್ನ ಇವನಿಗೇ ಅಂತ ಅವತ್ತೇ ತೆಗೆದಿಟ್ಟಿದ್ದೆ."

ಮರಿಪಾದ್ರಿ ಕುರ್ಚಿ ಕೆಳಗಿಟ್ಟ.

"ಆದ್ರೆ ಬಾಯಿ ಬಿಟ್ಟು ಕೇಳೋದನ್ನ ಕಲೀಬೇಕು. ಇದು ಇಲ್ಲಿನ ತರಬೇತಿ. ಇವನು ಕೇಳಲಿ ಅಂತ ಕಾದೆ. ಬೆಳಿಗ್ಗೆ ನಾನೇ ಕೆದಕಿ ಕೇಳಿದೆ, ಮನೆ ಕಡೆ ಏನೂ ಇಲ್ವಾ ಅಂತ. ಇಲ್ಲ ಅಂದ. ದಿನವೆಲ್ಲ ಕಾದೆ. ಈ ಹುಡುಗ ಬಾಯಿ ಬಿಡಲಿಲ್ಲ. ಆಗ ನನಗೆ ಅರ್ಥವಾಯ್ತು. ಇವನು ತಂಗಿಯ ಮದುವೆಯನ್ನೇ ಸೇವೆಗಾಗಿ ಬಿಟ್ಟುಕೊಟ್ಟಿದ್ದಾನೆ. ಅದನ್ನ ಹೇಳಿಕೊಳ್ಳಲೂ ಇಲ್ಲ."

ಹಾಲ್‌ನಲ್ಲಿ ಮೂಗೊರೆಸುವ ಸದ್ದು ಕೇಳಿತು. ಮರಿಪಾದ್ರಿ ಎರಡೂ ಕೈ ಆಡಿಸಿ ಇಲ್ಲ ಇಲ್ಲ ಎಂದು ಸನ್ನೆ ಮಾಡಿದ.

"ನೋಡಿ, ಹೊಗಳಿದ್ರೂ ಬೇಡ ಅಂತಾನೆ" ಎಂದಳು ನರ್ಸಜ್ಜಿ.

"ಇವನ ತಾಯಿಗೂ ಹೇಳಿದೆ. ಪಾಪ, ಅತ್ತರು" ಎಂದರು ಅಯ್ಯನವರು. "ಇವನು ಬಿಟ್ಟುಕೊಟ್ಟ ರಜೆಯನ್ನ ಇನ್ನೊಬ್ಬನಿಗೆ ಕೊಟ್ಟಿದ್ದೀನಿ. ಟಿಕೆಟ್ಟೂ ಆಯ್ತು."

ಮರಿಪಾದ್ರಿ ಫೋನು ತೆಗೆದು, ಬೆಳಗಿನ ಮೆಸೇಜು ತೋರಿಸಲು ಜನರ ನಡುವೆ ನುಗ್ಗಿದ. ಅಯ್ಯನವರನ್ನು ಮುಟ್ಟುವ ಮೊದಲೇ ಆಮೆನ್ ಅಡ್ಡ ಬಂದು ತಬ್ಬಿಕೊಂಡ. ಯಾವತ್ತೂ ಒಂದೇ ಮಾತಾಡುವ ಆಮೆನ್ ಬಿಕ್ಕಿ ಬಿಕ್ಕಿ ಅಳುತ್ತ "ಅಣ್ಣನ ಮಗು ನನ್ನನ್ನ ನೋಡೇ ಇಲ್ಲ ಕಣೋ. ಮನೆಗೆ ಫೋನ್ ಮಾಡಿ ಹೇಳಿಬಿಟ್ಟೆ. ಬಾಗಿಲಲ್ಲೇ ಕೂತಿದ್ದಾರಂತೆ ಎಲ್ಲ" ಎಂದ. ಅವನ ಕಣ್ಣೀರು ಮರಿಪಾದ್ರಿಯ ಭುಜ ನೆನೆಸಿತು. ಮರಿಪಾದ್ರಿ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ.

ಜನ ಕರಗಿದರು. ಮರಿಪಾದ್ರಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ. ಆಮೆನ್ ಬಟ್ಟೆ ತುಂಬಲು ಹೋಗಿದ್ದರಿಂದ ಅವನ ಪಾಲಿನವನ್ನೂ ಪೇರಿಸಿದ. ಕೊನೆಯ ಕುರ್ಚಿ ಎತ್ತುವಾಗ ಮರಗಟ್ಟಿದ್ದ ದವಡೆಗೆ ಜೀವ ಬಂತು. ಹಲ್ಲು ಇದ್ದ ಜಾಗದಿಂದ ನೋವು ಎದ್ದು, ಕಿವಿ ಹಿಡಿದು, ನೆತ್ತಿ ಹತ್ತಿ ಕೂತಿತು. ಬೆಳಿಗ್ಗೆ ಹೇಳಿದ ನೋವು ಸಂಜೆಗೆ ಬಂದು ಹಾಜರಾಗಿತ್ತು.

ಅಯ್ಯನವರು ದೀಪ ಆರಿಸಲು ಬಂದರು. ಅವರ ಹಿಂದೆ ಅಡುಗೆಯ ದೊಡ್ಡಮ್ಮ, ಬೆರಳನ್ನು ಫೋನಿನ ಮೇಲಿಟ್ಟುಕೊಂಡೇ ನಿಂತಿದ್ದಳು.

"ಹಲ್ಲು ನೋವು ಹೇಗಿದೆ ಮಗನೇ?"

ಮರಿಪಾದ್ರಿ ಬಾಯಿಯ ಹತ್ತಿ ತೆಗೆದ. ದೊಡ್ಡಮ್ಮನ ಬೆರಳನ್ನು ನೋಡಿದ.

"ಇಲ್ಲ ಅಯ್ಯನವರೇ" ಎಂದ, ಕಣ್ಣು ಕತ್ತಲೆ ಬರುತ್ತಿದ್ದರೂ ಗೋಡೆ ಹಿಡಿದುಕೊಂಡು. "ಒಂಚೂರೂ ಇಲ್ಲ."

"ಕೇಳಿದ್ರಾ, ಒಂದೇ ದಿನಕ್ಕೆ ವಾಸಿ" ಎಂದು ಅಯ್ಯನವರು ಅವನ ಬಲಗೆನ್ನೆಯನ್ನೇ ಪ್ರೀತಿಯಿಂದ ತಟ್ಟಿದರು. "ದೊಡ್ಡಮ್ಮ, ಸರಪಳಿಗೆ ಹಾಕಿ. ಎಲ್ಲರೂ ಬರಲಿ. ಈ ಭಾನುವಾರ ನಮ್ಮ ಮರಿಪಾದ್ರಿ ಎಲ್ಲರ ಮುಂದೆ ನಿಂತು, ದೇವರು ಹೇಗೆ ವಾಸಿ ಮಾಡಿದ ಅಂತ ಸಾಕ್ಷಿ ಹೇಳ್ತಾನೆ." ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿದರು. "ಹಾಗೇ, ಅವತ್ತಿಗೆ ಕುರ್ಚಿ ಸ್ವಲ್ಪ ಜಾಸ್ತಿ ಹಾಕು."