ದೇವರಿಗೆ ವಿಳಾಸ ಹೇಳುವ ಅತ್ತೆ

ನಮ್ಮ ಅತ್ತೆಗೆ ಒಂದು ಗುಟ್ಟು ಹೇಳುವುದಕ್ಕಿಂತ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಕೂಗಿ ಹೇಳುವುದು ಎಷ್ಟೋ ಕ್ಷೇಮ. ಮೈಕು ಆಗಾಗ ಕೆಡುತ್ತದೆ. ಅತ್ತೆಯ ಗಂಟಲು ಕೆಟ್ಟದ್ದನ್ನು ನನ್ನ ನಲವತ್ತೈದು ವರ್ಷಗಳಲ್ಲಿ ನಾನು ಕಂಡಿಲ್ಲ! ಅಯ್ಯೋ, ತಪ್ಪು ತಿಳಿಯಬೇಡಿ, ಆಕೆ ಚಾಡಿಕೋರಳಲ್ಲ. ಕಟ್ಟೆಯ ಮೇಲೆ ಕೂತು ಊರ ಉಸಾಬರಿ ಮಾಡಿದವಳೂ ಅಲ್ಲ. ಯಾರ ಗುಟ್ಟನ್ನೂ ಯಾವ ಮನುಷ್ಯನಿಗೂ ಆಕೆ ಹೇಳುವುದಿಲ್ಲ. ಹೇಳುವುದು ದೇವರೊಬ್ಬನಿಗೇ. ಆದರೆ ಗಟ್ಟಿಯಾಗಿ ಹೇಳುತ್ತಾಳೆ, ಅಷ್ಟೇ!

ಈಕೆ ನನ್ನ ಅಪ್ಪನ ತಂಗಿ. ಹುಮನಾಬಾದಿನಲ್ಲಿ ಒಬ್ಬಳೇ ಇರುತ್ತಾಳೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಡ್ಯೂಟಿ ಇತ್ತಲ್ಲ, ಪುರ್ಸತ್ತೇ ಸಿಗಲಿಲ್ಲ" ಎನ್ನುತ್ತಾಳೆ. ಡ್ಯೂಟಿ ಅಂದರೆ ನರ್ಸಿನ ಕೆಲಸ. ಮುಡಬಿ, ನಿರ್ಣಾ ಅಂತ ಹಳ್ಳಿ ಹಳ್ಳಿ ಸುತ್ತಿ ಮೂವತ್ತು ವರ್ಷ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಂಡವಳು. ಅಲ್ಲಿಯೂ ಆಕೆಯದೊಂದು ಪದ್ಧತಿ ಇತ್ತು. ಸೂಜಿ ಚುಚ್ಚುವ ಮುನ್ನ ಪ್ರಾರ್ಥನೆ. ಪ್ರಾರ್ಥನೆ ಅಂದರೆ ಕಣ್ಣು ಮುಚ್ಚಲೇಬೇಕಲ್ಲ? ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈಯಲ್ಲಿ ರೋಗಿಯ ರಟ್ಟೆ, ಎರಡೂ ಕಣ್ಣು ಮುಚ್ಚಿ "ಪರಲೋಕದ ತಂದೆಯೇ" ಎಂದು ಶುರು ಮಾಡಿದಳೆಂದರೆ ಎಂಥ ಗಟ್ಟಿ ಆಳಿನ ಜೀವವೂ ಬಾಯಿಗೆ ಬರುತ್ತಿತ್ತು. ಮುಡಬಿಯ ಪೈಲ್ವಾನನೊಬ್ಬ ಕೈ ಜೋಡಿಸಿ ಬೇಡಿಕೊಂಡನಂತೆ: "ಸಿಸ್ಟರ್, ನಿಮ್ಮ ದೇವರ ಮ್ಯಾಲ ನನಗ ಪೂರಾ ಭರೋಸಾ ಅದ್ರಿ. ಜರಾ ಕಣ್ಣು ತಗದು ಪ್ರಾರ್ಥನಾ ಮಾಡ್ರಿ!"

ಆಕೆಯ ಪ್ರಾರ್ಥನೆಯನ್ನು ನೀವು ಒಮ್ಮೆ ಕೇಳಬೇಕು. ಬೇರೆಯವರು "ರೋಗಿಗಳನ್ನು ವಾಸಿಮಾಡು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅತ್ತೆ ಹಾಗಲ್ಲ, ಪೂರ್ತಿ ವಿಳಾಸ ಕೊಡುತ್ತಾಳೆ. "ಕರ್ತನೇ, ಹುಮನಾಬಾದದಾಗ ಹಳೇ ಟಾಕೀಸಿನ ಹಿಂದ, ಬೇವಿನ ಗಿಡದ ಎದುರಿಗೆ ನೀಲಿ ಬಾಗಲದ ಮನಿ ಅದ ನೋಡು, ಆ ಮನಿ ಮುದುಕಿಗೆ ಮೊಣಕಾಲು ನೋವು. ಬಾಜೂ ಮನ್ಯಾಗೂ ಒಬ್ಬಾಕಿ ಮುದುಕಿ ಅದಾಳ, ಆಕಿ ಆರಾಮ್ ಅದಾಳ. ಆಕಿ ಅಲ್ಲ!" ಸರ್ವಾಂತರ್ಯಾಮಿಗೆ ದಾರಿ ತಪ್ಪುತ್ತದೆಯೇ ಎಂದು ನಾನು ಹಂಗಿಸಿದರೆ, "ನಿನಗೇನ್ ಗೊತ್ತೋ? ನಿರ್ಣಾದಾಗ ಒಂದೇ ಓಣ್ಯಾಗ ನಾಕು ಮಂದಿ ಶರಣಮ್ಮ ಇದ್ರು. ಒಮ್ಮೆ ಒಬ್ಬಾಕಿ ಗುಳಗಿ ಇನ್ನೊಬ್ಬಾಕಿಗೆ ಕೊಟ್ಟು ಬಂದೀನಿ ನಾ" ಎಂದು ಬಾಯಿ ಮುಚ್ಚಿಸುತ್ತಾಳೆ. ತನ್ನ ಇಲಾಖೆಯಲ್ಲಿ ಆದ ತಪ್ಪು ಪರಲೋಕದಲ್ಲೂ ಆದೀತು ಎಂಬ ಕಾಳಜಿ!

ಒಂದು ದಿನ ತಾಳ್ಮೆಗೆಟ್ಟು ಕೇಳಿಯೇ ಬಿಟ್ಟೆ. "ಅತ್ತಿ, ದೇವರಿಗೇನು ಕಿವಿ ಕೇಳ್ಸಂಗಿಲ್ಲೇನು? ಮನಸಿನಾಗ ಮಾಡಬಾರದಾ?"

"ಆತನ ಕಿವಿ ಚಲೋನೇ ಅದಾವ. ನನ್ನ ಮನಸ್ಸೇ ಕಳ್ಳ ಅದ. ಒಳಗೊಳಗ ಪ್ರಾರ್ಥನಾ ಮಾಡಿದ್ನಂದ್ರ ಅರ್ಧಕ್ಕ ಎದ್ದು, ಬ್ಯಾಳಿ ಹೊತ್ತೀತೇನೋ ಅಂತ ಅಡಗಿಮನಿಗೆ ಓಡ್ತದ. ಬಾಯಿ ತೆರದ್ರ ಮನಸ್ಸು ಅಲ್ಲೇ ಕುಂದರ್ತದ" ಎಂದಳು.

ಆಟೋದಲ್ಲಿ ಕೂತರೂ ಇದೇ ಕತೆ. ನಿವೃತ್ತಳಾದ ಮೇಲೂ ಆಕೆ ಮುಡಬಿಯ ಹಳೆಯ ಬಾಣಂತಿಯರನ್ನು ನೋಡಲು ಹೋಗುತ್ತಾಳೆ. ಅವರೆಲ್ಲ ಈಗ ಅಜ್ಜಿಯರಾಗಿದ್ದಾರೆ, ಆದರೂ ಈಕೆಯ ಬಾಯಲ್ಲಿ ಬಾಣಂತಿಯರೇ! ಮುಡಬಿಯಿಂದ ಬಸವಕಲ್ಯಾಣಕ್ಕೆ ಬರುವ ಆಟೋದ ಡ್ರೈವರ್ ಒಬ್ಬ ಮುಸ್ಲಿಂ. ಅತ್ತೆ ಹತ್ತಿ ಕೂತು ಕಣ್ಣು ಮುಚ್ಚಿ, ಬ್ರೇಕಿನಿಂದ ಹಿಡಿದು ಹಿಂದಿನ ಗಾಲಿಯವರೆಗೆ ಎಲ್ಲವನ್ನೂ ದೇವರ ಕೈಗೆ ಒಪ್ಪಿಸುವ ತನಕ ಆತ ಕೀಲಿ ತಿರುವುವುದಿಲ್ಲ. ಆಕೆ "ಆಮೆನ್" ಅಂದರೆ ಆತ "ಆಮೀನ್" ಅನ್ನುತ್ತಾನೆ, ಗಾಡಿ ಹೊರಡುತ್ತದೆ. ಆತನ ಭಕ್ತಿಗೆ ಮೆಚ್ಚಿ ನಾನು ಒಮ್ಮೆ ಹೊಗಳಿದೆ. ಆತ ಮೀಸೆಯಲ್ಲೇ ನಕ್ಕು, "ಭಕ್ತಿನೂ ಅದ್ರಿ ಸಾಹೇಬ್ರ. ಆದ್ರ ಖರೇ ಹೇಳ್ತೀನಿ, ಅಮ್ಮಾವ್ರ ದುವಾ ಮುಗಿಯೋದ್ರಾಗ ನನ್ನ ಗಾಡಿ ಭರ್ತಿ ಆಗಿರ್ತದ್ರಿ" ಎಂದ.

ಇನ್ನು ಗುಟ್ಟಿನ ವಿಷಯಕ್ಕೆ ಬರೋಣ. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಕದ್ದು ಬೀಡಿ ಸೇದುತ್ತಿದ್ದರು. ಬಿಡಬೇಕೆಂಬ ಆಸೆ, ಬಿಡಲು ಆಗುತ್ತಿಲ್ಲ. ಪಾಪ, ಅತ್ತೆಯನ್ನು ಮೂಲೆಗೆ ಕರೆದು, ಯಾರಿಗೂ ಗೊತ್ತಾಗದಂತೆ ಪ್ರಾರ್ಥನೆ ಮಾಡಿ ಎಂದು ಕೇಳಿಕೊಂಡರು. ಯಾರದಾದರೂ ಮನೆಯಲ್ಲಿ ಎಲ್ಲರೂ ಸೇರಿ ಪ್ರಾರ್ಥಿಸುವ ಆ ಶುಕ್ರವಾರದ ಮನೆಕೂಟದಲ್ಲಿ ಅತ್ತೆ ಶುರು ಮಾಡಿದಳು: "ಕರ್ತನೇ, ನಮ್ಮ ಹಿರಿಯರು ದಿನಾ ಮುಂಜಾನೆ ಕೋಳಿಗೂಡಿನ ಹಿಂದ ನಿಂತು ಬೀಡಿ ಸೇದ್ತಾರ. ಹೆಣ್ತಿಗೆ ಗೊತ್ತಾಗಬಾರದಂತ ಆಮ್ಯಾಲ ಪೇರಲ ಎಲಿ ತಿಂತಾರ. ಅವರನ್ನ ಬಿಡಿಸು." ಹೆಂಡತಿ ಪಕ್ಕದಲ್ಲೇ ಕೂತಿದ್ದಳು! ಕೂಟ ಮುಗಿದ ಮೇಲೆ ಹಿರಿಯರು ಕೆಂಪಗಾಗಿ ಬಂದರು. "ಸಿಸ್ಟರ್, ಯಾರಿಗೂ ಹೇಳಬ್ಯಾಡ್ರಿ ಅಂದಿದ್ನಲ್ಲ!"

"ನಾ ಕರ್ತಗ ಹೇಳೀನಪಾ. ಕಣ್ಣು ಮುಚ್ಚಿದವರು ಕಿವಿ ಯಾಕ ತೆರಕೊಂಡು ಕುಂತಿದ್ರು?"

ಬೀಡಿ ಅಂದೇ ನಿಂತಿತು. ಹೆಂಡತಿ ನಿಲ್ಲಿಸಿದಳೆಂದು ಊರಿಗೆಲ್ಲ ಗೊತ್ತು. ಅತ್ತೆ ಮಾತ್ರ ಮುಂದಿನ ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ಸಾಕ್ಷಿ ಹೇಳಿದಳು.

ನನ್ನ ಮಾನವನ್ನಾದರೂ ಬಿಟ್ಟಳೇ? ಮಂಠಾಳಕ್ಕೆ ನನಗೆ ಹೆಣ್ಣು ನೋಡಲು ಹೋದಾಗ ಬೀಗರ ಮುಂದೆ ಎದ್ದು ನಿಂತು ಪ್ರಾರ್ಥಿಸಿದಳು: "ಕರ್ತನೇ, ಈ ಹುಡುಗನ ಚಷ್ಮಾದ ಅಂಗಡಿ ಬಸವಕಲ್ಯಾಣದಾಗ ಕಿಲ್ಲಾಕ್ಕ ಹೋಗೋ ದಾರ್ಯಾಗ ಅದ, ನಿನಗ ಗೊತ್ತದ. ಪಿಯುಸಿ ಎರಡು ಸಲ ಫೇಲ್ ಆಗ್ಯಾನ. ಸಿಟ್ಟು ಮೂಗಿನ ತುದ್ಯಾಗ ಅದ. ಆದ್ರ ಅಳೂ ಹುಡುಗ್ರನ್ನ ಕಂಡ್ರ ಎತ್ಕೊಂತಾನ." ನಾನು ನೆಲ ಬಿರಿಯಲಿ ಎಂದು ಕಾಯುತ್ತಿದ್ದೆ. ಒಳಗಿನ ಕೋಣೆಯಿಂದ ಕಿಸಕ್ಕನೆ ನಗು ಕೇಳಿಸಿತು. ಆ ನಗುವಿನವಳೇ ಕರುಣಾ, ನನ್ನ ಹೆಂಡತಿ. "ಇಷ್ಟೆಲ್ಲಾ ಮೊದಲೇ ಗೊತ್ತಾದ ಮ್ಯಾಲ ಅಂಜೋದೇನದ ಅಂತ ಹ್ಞೂಂ ಅಂದೆ" ಎಂದು ಈಗಲೂ ಹೇಳುತ್ತಾಳೆ. ಸ್ವಭಾವದಲ್ಲಿ ಆಕೆ ಅತ್ತೆಗೆ ಪೂರ್ತಿ ತದ್ವಿರುದ್ಧ. ಮನೆಕೂಟದಲ್ಲಿ ಪ್ರಾರ್ಥನೆಯ ಸರದಿ ತನಗೆ ಬಂದರೆ ಮೊಣಕೈಯಿಂದ ನನ್ನನ್ನು ತಿವಿಯುತ್ತಾಳೆ. ಹದಿನೇಳು ವರ್ಷ ಆಕೆಯ ಸರದಿಯ ಪ್ರಾರ್ಥನೆಗಳನ್ನೆಲ್ಲ ನಾನೇ ಮಾಡಿದ್ದೇನೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಕರುಣಾಳ ಬಲ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಸೋಲಾಪುರಕ್ಕೆ ಹೋದೆವು. ಡಾಕ್ಟರು ಸೂಜಿ ಹಾಕಿ ತುಣುಕು ತೆಗೆದರು. ರಿಪೋರ್ಟು ಬರಲು ಎರಡು ವಾರ ಹಿಡಿದೀತು ಎಂದರು. ಬಸ್ಸಿನಲ್ಲಿ ವಾಪಸು ಬರುತ್ತ, ಊರು ಹತ್ತಿರ ಬಂದಾಗ ಕರುಣಾ ಅಂದಳು: "ಯಾರಿಗೂ ಹೇಳಬ್ಯಾಡ್ರಿ. ಮಗಳದು ಹತ್ತನೇತ್ತ ಪರೀಕ್ಷಾ ಅದ, ಮುಗಿಯೋತನಕ ಆಕಿಗಿ ಗೊತ್ತಾಗಬಾರದು. ಅತ್ತಿಗಂತೂ ಬ್ಯಾಡೇ ಬ್ಯಾಡ. ರಿಪೋರ್ಟ್ ಬರೋಕಿಂತ ಮೊದ್ಲೇ ಮಂದಿ ನನ್ನ ಮುಖಾ ನೋಡಿ ಚ್ಚ್ ಚ್ಚ್ ಅನ್ನೋದು ನನಗ ತಡಕೊಳ್ಳಾಕ ಆಗಲ್ಲ."

ನಾನು ಆಣೆ ಮಾಡಿದೆ. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಯಾರು ನಿಂತಿರಬೇಕು? ಕೈಯಲ್ಲಿ ಚೀಲ ಹಿಡಿದ ಅತ್ತೆ!

"ಹುಮನಾಬಾದದಾಗ ನೀರು ಬರವಲ್ದು. ನಾಕು ದಿನ ಇದ್ದು ಹೋಗ್ತೀನಿ" ಎಂದು ಒಳಗೆ ಬಂದವಳು ಸೆರಗು ಸಿಕ್ಕಿಸಿ ನಿಂತಳು. ಕರುಣಾಳನ್ನು ಬಾವಿಯ ಹತ್ತಿರ ಸುಳಿಯಗೊಡಲಿಲ್ಲ, ಕೊಡ ಎತ್ತಗೊಡಲಿಲ್ಲ, ಹಿಟ್ಟು ನಾದಗೊಡಲಿಲ್ಲ. "ಸುಮ್ಮ ಕುಂತ್ರ ನನ್ನ ಕೀಲು ಹಿಡೀತಾವ, ಬಿಡವ್ವಾ" ಅನ್ನುವುದು, ಕೊಡ ಕಸಿದುಕೊಳ್ಳುವುದು. ಮುದುಕಿಗೆ ಇದ್ದಕ್ಕಿದ್ದಂತೆ ಎಷ್ಟು ಹುರುಪು ಎಂದು ನಾವು ಬೆರಗಾದೆವು. ಕಣ್ಣು ಪರೀಕ್ಷೆ ಮಾಡುವುದೇ ನನ್ನ ಕಸುಬು, ನೋಡಿ. ನನ್ನ ಕಣ್ಣಿಗೆ ಏನೂ ಕಾಣಿಸಲಿಲ್ಲ!

ನಾಲ್ಕು ದಿನ ಎಂಟಾಯಿತು. ಶುಕ್ರವಾರದ ಮನೆಕೂಟ ನಮ್ಮಲ್ಲೇ ನಡೆಯಿತು. ಅತ್ತೆ ಎಂದಿನಂತೆ ಪ್ರಾರ್ಥನೆ ಹಿಡಿದಳು. ಆಟೋದವನ ಕ್ಲಚ್ಚು ಆಯಿತು, ಎದುರು ಮನೆಯ ಎಮ್ಮೆಯ ಕೆಚ್ಚಲು ಆಯಿತು, ಪಾಸ್ಟರ ದವಡೆ ಹಲ್ಲು ಆಯಿತು. ಅದೂ ಎಡಗಡೆ ಕೆಳಗಿನ ಮೂರನೆಯದೆಂದು ಖಚಿತವಾಗಿ ಹೇಳಿದ್ದೂ ಆಯಿತು. ಆಮೇಲೆ, "ಕರ್ತನೇ, ಈ ಮನಿ..." ಎಂದಳು. ನಿಂತುಬಿಟ್ಟಳು. ಕರುಣಾ ನನ್ನ ಮಣಿಕಟ್ಟು ಹಿಡಿದುಕೊಂಡಳು. ಮುಂದಿನ ಮಾತು ಈಗ ಬಂತು, ಈಗ ಬಂತು ಎಂದು ಕಾಯುತ್ತಿದ್ದೇವೆ. ಬರಲಿಲ್ಲ. ಒಬ್ಬೊಬ್ಬರಾಗಿ ಕಣ್ಣು ತೆರೆದು ನೋಡಿದರೆ, ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಕಚ್ಚಿಕೊಂಡು ನಿಂತಿದ್ದಾಳೆ. ಎಷ್ಟೋ ಹೊತ್ತಿನ ಮೇಲೆ "ಆಮೆನ್" ಎಂದು ಕೂತಳು.

"ಯಾಕ್ರಿ ಸಿಸ್ಟರ್, ಹುಷಾರ್ ಇಲ್ಲೇನು?" ಎಂದು ಪಾಸ್ಟರು ಗಾಬರಿಯಿಂದ ಕೇಳಿದರು.

"ವಯಸ್ಸಾಯ್ತಲ್ರಿ, ಮರವು ಬರಾಕತ್ತದ" ಎಂದಳು.

ಮರೆವು! ನಿರ್ಣಾದ ನಾಲ್ಕೂ ಶರಣಮ್ಮರ ಮೊಮ್ಮಕ್ಕಳ ಹೆಸರು ಬಾಯಿಪಾಠ ಇದ್ದವಳಿಗೆ ಮರೆವೇ? ಆಮೇಲಾದರೂ ನನಗೆ ಹೊಳೆಯಬೇಕಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಆಕೆಯ ತುಟಿಗಳು ಅಲುಗುತ್ತಿದ್ದವು, ದನಿ ಇರಲಿಲ್ಲ. ಆ ವಾರದಲ್ಲಿ ಎರಡು ಸಲ ಬೇಳೆ ಹೊತ್ತಿತು. ಒಲೆಯ ಮುಂದೆಯೇ ನಿಂತಿದ್ದಳು, ಆದರೂ ಹೊತ್ತಿತು. ನಾನು ಸಿಟ್ಟಿನಲ್ಲಿ ರೇಗಿದೆ. ಆಕೆ ಹೊತ್ತಿದ ಪಾತ್ರೆ ತಿಕ್ಕಲು ಕೂತಳು.

ಹನ್ನೆರಡನೆಯ ದಿನ ಮಗಳ ಪರೀಕ್ಷೆ ಮುಗಿಯಿತು. ಅವಳು ಮನೆಗೆ ಬಂದು ಊಟ ಮಾಡಿ ಒಳಗೆ ಮಲಗಿದ್ದಳು. ಆಗ ಡಾಕ್ಟರ ಫೋನು ಬಂತು. ನಾವು ಯಾವುದಕ್ಕೆ ಹೆದರಿದ್ದೆವೋ ಅದೇ. ಬೇಗ ಗೊತ್ತಾಗಿದೆ, ಮುಂದಿನ ವಾರವೇ ಆಪರೇಷನ್ ಮಾಡೋಣ, ಧೈರ್ಯವಾಗಿರಿ ಎಂದರು. ಫೋನು ಇಟ್ಟು ಅಡುಗೆಮನೆಗೆ ಹೋದೆ. ಕರುಣಾ ನನ್ನ ಮುಖ ನೋಡಿಯೇ ಗೋಡೆಗೆ ಒರಗಿ ಕೂತಳು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅತ್ತಿ, ನಿನಗೊಂದು ಮಾತು ಹೇಳಬೇಕಾಗ್ಯದ" ಎಂದೆ.

"ಗೊತ್ತದ ನನಗ."

"ಹ್ಯಾಂಗ ಗೊತ್ತಾತು?"

"ಹಿಂದಿನ ತಿಂಗಳು ಈಕಿ ಹುಮನಾಬಾದಕ್ಕ ಬಂದಾಗ ನೋಡೀನಿ. ಬಲಗೈ ಎತ್ತಿ ತಲಿ ಬಾಚ್ಕೊಳ್ಳಾಕ ಅಂಜತಿದ್ಲು. ಸೋಲಾಪುರದ ಬಸ್ ಹತ್ತೀರಿ ಅಂತ ಆಟೋದಾವ ಫೋನ್ ಮಾಡಿ ಅಂದ. ಮೂವತ್ತು ವರ್ಷ ಹೆಣ್ಣುಮಕ್ಕಳನ್ನೇ ನೋಡೀನಲ್ಲೋ, ಇಷ್ಟು ತಿಳಿಯಂಗಿಲ್ಲೇನು?"

ಕರುಣಾ ತಲೆಯೆತ್ತಿದಳು. "ಗೊತ್ತಿದ್ದೂ ಯಾರ ಮುಂದೂ ಅನ್ನಲಿಲ್ರಿ? ಕೂಟದಾಗೂ ಅನ್ನಲಿಲ್ಲ?"

"ಯಾರಿಗೂ ಹೇಳಬ್ಯಾಡ ಅಂತ ನಿನ್ನ ಮುಖಾನೇ ಹೇಳತಿತ್ತಲ್ಲ ಮಗಳ. ನಾ ಹ್ಯಾಂಗ ಹೇಳಲಿ?"

ಕರುಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಈಗ ಪ್ರಾರ್ಥನಾ ಮಾಡ್ರಿ ಅತ್ತಿ. ಜೋರಾಗಿ ಮಾಡ್ರಿ. ಓಣಿಗೆಲ್ಲಾ ಕೇಳಲಿ, ನನಗೇನೂ ಅನಸಂಗಿಲ್ಲ" ಎಂದಳು.

ಅತ್ತೆ ಹಿಟ್ಟಿನ ಕೈಯಲ್ಲೇ ಆಕೆಯ ಪಕ್ಕ ಕೂತು ಕಣ್ಣು ಮುಚ್ಚಿದಳು. "ಕರ್ತನೇ" ಎಂದಳು. ಇನ್ನೊಮ್ಮೆ "ಕರ್ತನೇ" ಎಂದಳು. ಮೂವತ್ತು ವರ್ಷ ಹಳ್ಳಿ ಹಳ್ಳಿಯ ನೋವನ್ನು ಗಟ್ಟಿಯಾಗಿ ಒಪ್ಪಿಸಿದ ಬಾಯಿಗೆ ನಮ್ಮ ಮನೆಯ ನೋವು ಬರಲೊಲ್ಲದು. ಭುಜ ಅಲುಗುತ್ತಿತ್ತು. ನಾನಾದರೂ ಮಾಡೋಣವೆಂದರೆ ನನಗೂ ಆಗಲಿಲ್ಲ. ಅಷ್ಟರಲ್ಲಿ ಒಂದು ಸಣ್ಣ ದನಿ ಕೇಳಿಸಿತು. ಕರುಣಾಳ ದನಿ.

"ಸ್ವಾಮಿ, ನಮ್ಮ ಅತ್ತಿ ಹನ್ನೆರಡು ದಿನ ಬಾಯಿ ಮುಚಗೊಂಡು ಅದಾರ. ಎಷ್ಟು ತ್ರಾಸ ಆಗಿರಬೇಕು, ನಿನಗ ಗೊತ್ತದ." ಅಳುತ್ತಿದ್ದ ಅತ್ತೆ ಅಳುವಿನ ನಡುವೆಯೇ ಫಕ್ಕನೆ ನಕ್ಕುಬಿಟ್ಟಳು. ಕರುಣಾ ನಿಲ್ಲಿಸಲಿಲ್ಲ. "ನನಗ ಭಾಳ ಅಂಜಿಕಿ ಆಗ್ಯದ ಸ್ವಾಮಿ. ಆದ್ರ ನಾ ಒಬ್ಬಾಕಿ ಇಲ್ಲ. ಒಬ್ಬಾಕಿ ಇದ್ದೀನಿ ಅನ್ಕೊಂಡಿದ್ದೆ, ಇರಲಿಲ್ಲ. ಇಷ್ಟೇ. ಆಮೆನ್."

ನಾವಿಬ್ಬರೂ ಆಮೆನ್ ಅಂದೆವು. ಎಷ್ಟು ಗಟ್ಟಿಯಾಗಿ ಅಂದೆವೋ, ಮಗಳು ನಿದ್ದೆಗಣ್ಣಲ್ಲಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅತ್ತೆಯ ಕಣ್ಣು, ನನ್ನ ಕಣ್ಣು ನೋಡಿ, "ಏನಾತು? ಯಾಕ ಅಳಾಕತ್ತೀರಿ?" ಎಂದು ಕೇಳಿದಳು. ಕರುಣಾ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

"ಬಾ, ನನ್ನ ಹಂತ್ಯಾಕ ಕುಂದ್ರು" ಎಂದಳು. "ನಿನಗೊಂದು ಮಾತು ಹೇಳೋದದ."