ಕೈಮೈಕಿಲ್ಲದೆ ಕಾಡಿಗೆ ಹೋಗುವ ಕುರಿತು

ಸುತ್ತೋಲೆ

ಸಂಖ್ಯೆ: ವಿ.ಶಾ/ಕಾಡು/ಒಂಟಿ/೭

ವಿಷಯ: ನೌಕರರು ಇಲಾಖೆಯ ನೆರವಿಲ್ಲದೆ, ಕಡಿಮೆ ಖರ್ಚಿನಲ್ಲಿ, ದೂರದ ರಾಷ್ಟ್ರೀಯ ಉದ್ಯಾನಗಳಿಗೆ ತಾವಾಗಿಯೇ ಹೋಗಿ ಸಂತೋಷವಾಗಿ ವಾಪಸು ಬರುತ್ತಿರುವ ಬಗ್ಗೆ.

ಉಲ್ಲೇಖ: (೧) ಟಪಾಲು ಶಾಖೆಯ ಗುಮಾಸ್ತೆಯವರು ಊಟದ ವೇಳೆಯಲ್ಲಿ ನೀಡಿದ ಮೌಖಿಕ ಹೇಳಿಕೆ.
(೨) ಸದರಿ ಹೇಳಿಕೆ ಕೇಳಲು ಇಡೀ ಲೆಕ್ಕಪತ್ರ ಶಾಖೆಯೇ ಎದ್ದುಹೋದದ್ದು.

ಪ್ರಸ್ತಾವನೆ:

ಇಲಾಖೆಯ ವಿಹಾರ ಶಾಖೆಯು ಪ್ರತಿವರ್ಷ ನೌಕರರನ್ನು ದೊಡ್ಡ ಬಸ್ಸಿನಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುತ್ತಾ ಬಂದಿದೆ. ಯಾರೂ ಕಳೆದುಹೋಗಬಾರದೆಂಬ ಕಾಳಜಿಯಿಂದ ಕಾಡಿನೊಳಗೆ ಗಂಟೆಗೊಮ್ಮೆ ಕೈಮೈಕಿನಲ್ಲಿ ಹಾಜರಿ ಕರೆಯುವ ಪದ್ಧತಿಯಿದ್ದು, ಇದನ್ನು ಈ ಸುತ್ತೋಲೆಗೆ ಸಹಿ ಮಾಡಿರುವ ಮೇಲ್ವಿಚಾರಕರೇ (ಇನ್ನು ಮುಂದೆ ‘ಸದರಿ ಮೇಲ್ವಿಚಾರಕರು’) ಗಂಟಲು ಹರಿಯುವಂತೆ ನಿರ್ವಹಿಸುತ್ತಾ ಬಂದಿರುತ್ತಾರೆ. ಇದುವರೆಗೆ ನೌಕರರ ಹಾಜರಾತಿ ಪರಿಪೂರ್ಣವಾಗಿದೆ. ಪ್ರಾಣಿಗಳ ಹಾಜರಾತಿ ಶೂನ್ಯ. ಪ್ರಾಣಿಗಳಿಗೆ ಕಾರಣ ಕೇಳಿ ಅರಣ್ಯ ಕಚೇರಿಯ ಮುಖಾಂತರ ನೋಟಿಸು ಕಳುಹಿಸಿದ್ದು, ಉತ್ತರ ನಿರೀಕ್ಷಿಸಲಾಗಿದೆ.

ಹೀಗಿರುವಲ್ಲಿ, ಟಪಾಲು ಶಾಖೆಯ ಗುಮಾಸ್ತೆಯವರು ಯಾರನ್ನೂ ಕೇಳದೆ ಸಾಮಾನ್ಯ ಬಸ್ಸು ಹಿಡಿದು, ಕೊನೆಯ ನಿಲ್ದಾಣದಿಂದ ಹಾಲಿನ ವ್ಯಾನಿನಲ್ಲಿ ಖಾಲಿ ಕ್ಯಾನುಗಳ ಪಕ್ಕ ಕುಳಿತು, ಅರಣ್ಯ ಕಾವಲುಗಾರರ ಅತ್ತಿಗೆ ಬಾಡಿಗೆಗೆ ಕೊಡುವ ಕೋಣೆಯಲ್ಲಿ ತಂಗಿ, ಮನೆಯಿಂದ ಒಯ್ದ ಬುತ್ತಿ ತಿಂದು ಬಂದಿರುತ್ತಾರೆ. ಅಲ್ಲದೆ, “ಹೊಳೆ ದಂಡೇಲಿ ಸುಮ್ನೆ ಕೂತಿದ್ದೆ ಕಣ್ರೀ. ನೀರುನಾಯಿ ಮರಿಗಳನ್ನ ಕಟ್ಕೊಂಡು ಬಂತು. ನಾನೊಬ್ಬಳು ಇದ್ದೀನಿ ಅಂತ ತಿರುಗಿ ಕೂಡ ನೋಡ್ಲಿಲ್ಲ” ಎಂದು ಹೇಳಿರುತ್ತಾರೆ. ಇದರಿಂದ ಸದರಿ ಮೇಲ್ವಿಚಾರಕರಿಗೆ ಹೊಟ್ಟೆಕಿಚ್ಚಾಗಿರುವುದನ್ನು ಈ ಮೂಲಕ ದಾಖಲಿಸಲಾಗಿದೆ.

ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ:

೧. ಒಬ್ಬರೇ ಹೋಗಬಯಸುವವರು ಮೊದಲು ಸಮಿತಿಯೊಂದನ್ನು ರಚಿಸತಕ್ಕದ್ದು. ಸಮಿತಿಯು ಪೂರ್ತಿ ಜೊತೆಗೆ ಹೋಗಿ, ನೌಕರರು ಒಬ್ಬರೇ ಇದ್ದರೆಂದು ದೃಢೀಕರಿಸತಕ್ಕದ್ದು.

೨. ಖರ್ಚು ಕಡಿಮೆಯಾದಲ್ಲಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ಕಡಿಮೆ ಖರ್ಚಿಗೆ ಸಲ್ಲುವುದಕ್ಕಿಂತ ಹೆಚ್ಚು ಸಂತೋಷವಾಗಿದ್ದಲ್ಲಿ, ಹೆಚ್ಚುವರಿ ಸಂತೋಷವನ್ನು ಇಲಾಖೆಗೆ ಹಿಂದಿರುಗಿಸತಕ್ಕದ್ದು.

೩. ‘ದೂರದ ಉದ್ಯಾನ’ ಎಂದರೆ ಕಚೇರಿಯಿಂದ ದೂರವಿರುವ ಉದ್ಯಾನ. ಆದರೆ ಕಚೇರಿಯ ನೆನಪೇ ಬಾರದಷ್ಟು ದೂರ ಹೋಗುವುದನ್ನು ನಿಷೇಧಿಸಲಾಗಿದೆ. ದಿನಕ್ಕೊಮ್ಮೆ ಕಚೇರಿಯನ್ನು ನೆನೆದು ನಿಟ್ಟುಸಿರು ಬಿಡತಕ್ಕದ್ದು. ನಿಟ್ಟುಸಿರಿನಿಂದ ಪಕ್ಷಿಗಳಿಗೆ ತೊಂದರೆಯಾದಲ್ಲಿ ಇಲಾಖೆ ಹೊಣೆಯಲ್ಲ.

೪. ವನ್ಯಪ್ರಾಣಿಗಳನ್ನು ಸೇವಾ ಜ್ಯೇಷ್ಠತೆಯ ಪ್ರಕಾರವೇ ನೋಡತಕ್ಕದ್ದು. ಮೇಲಧಿಕಾರಿ ಇನ್ನೂ ನೋಡದಿರುವ ಪ್ರಾಣಿ ಎದುರಾದಲ್ಲಿ ಕಿರಿಯ ನೌಕರರು ಕೂಡಲೇ ಕಣ್ಣು ಮುಚ್ಚತಕ್ಕದ್ದು. ಸದರಿ ಮೇಲ್ವಿಚಾರಕರು ಯಾವ ಪ್ರಾಣಿಯನ್ನೂ ನೋಡಿಲ್ಲವಾದ್ದರಿಂದ, ಸದ್ಯಕ್ಕೆ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಹೋಗಿಬರುವುದು ಕ್ಷೇಮ.

೫. ಈ ಸುತ್ತೋಲೆಯ ಕರಡನ್ನು ಸದರಿ ಮೇಲ್ವಿಚಾರಕರು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ, ಅವರ ಧರ್ಮಪತ್ನಿಯವರು ಬಟ್ಟೆ ಮಡಚುವುದನ್ನು ನಿಲ್ಲಿಸಿ, “ಇಷ್ಟು ವರ್ಷ ಕಾಡಿಗೆ ಹೋಗಿ ಬಂದ್ರಿ. ಬರೀ ನಿಮ್ಮ ಆಫೀಸಿನವರ ಹೆಸರೇ ಕೂಗಿದ್ರಿ. ಒಂದು ಮೊಲನಾದ್ರೂ ಕಣ್ತುಂಬ ನೋಡಿದ್ರಾ? ತಿಂಗಳ ಕೊನೆಗೆ ರಿಟೈರಾಗ್ತೀರ, ಆಮೇಲೆ ಬಸ್ಸೂ ಇಲ್ಲ, ಮೈಕೂ ಇಲ್ಲ. ನನ್ನನ್ನಂತೂ ಒಂದು ಸಲಾನೂ ಕರ್ಕೊಂಡು ಹೋಗ್ಲಿಲ್ಲ” ಎಂದು ಆಕ್ಷೇಪಣೆ ಸಲ್ಲಿಸಿರುತ್ತಾರೆ. ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಬಹಳ ಬೇಸರವಾಯಿತು.

೬. ಆದಕಾರಣ, ಮೇಲ್ಕಂಡ ನಿಯಮಗಳು ಈ ತಿಂಗಳ ಕೊನೆಗೆ ನಿವೃತ್ತರಾಗಲಿರುವ, ಕನ್ನಡಕ ಧರಿಸುವ, ದನಿ ದೊಡ್ಡದಿರುವ ಮೇಲ್ವಿಚಾರಕರಿಗೆ ಅನ್ವಯಿಸುವುದಿಲ್ಲ. ಇಂಥವರು ಇಲಾಖೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಯಾರೂ ವಿಚಾರಿಸತಕ್ಕದ್ದಲ್ಲ.

೭. ತುಟಿಪಿಟಕ್ಕೆನ್ನದೆ ಕೂರುವ ಅಭ್ಯಾಸವನ್ನು ಸದರಿ ಮೇಲ್ವಿಚಾರಕರು ಇಂದು ಮಧ್ಯಾಹ್ನದಿಂದ ತಮ್ಮ ಮೇಜಿನ ಬಳಿಯೇ ಆರಂಭಿಸಿರುತ್ತಾರೆ. ಆರೋಗ್ಯ ವಿಚಾರಿಸಲು ಯಾರೂ ಬರಬಾರದಾಗಿ ಕೋರಲಾಗಿದೆ.

(ಸಹಿ)
ಮೇಲ್ವಿಚಾರಕರು, ವಿಹಾರ ಶಾಖೆ
(ಸೋಮವಾರದಿಂದ ರಜೆಯಲ್ಲಿ)

ಪ್ರತಿಗಳು:

೧. ಎಲ್ಲಾ ಶಾಖೆಗಳಿಗೆ: ಕಟ್ಟುನಿಟ್ಟಾಗಿ ಪಾಲಿಸಲು.

೨. ಉಗ್ರಾಣದ ಉಸ್ತುವಾರಿಗೆ: ಕೈಮೈಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು, ಸದರಿ ಮೇಲ್ವಿಚಾರಕರು ಎಷ್ಟೇ ಗೋಗರೆದರೂ ಕೊಡದಿರಲು.

೩. ಟಪಾಲು ಶಾಖೆಯ ಗುಮಾಸ್ತೆಯವರಿಗೆ: ಎಚ್ಚರಿಕೆ ನೀಡಲಾಗಿದೆ. ಹಾಲಿನ ವ್ಯಾನು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಮರುಟಪಾಲಿನಲ್ಲಿ ತಿಳಿಸಲು.

೪. ವ್ಯಾನಿನ ಚಾಲಕರಿಗೆ: ಕ್ಯಾನುಗಳ ಪಕ್ಕ ಇಬ್ಬರಿಗೆ ಜಾಗ ಬಿಡಲು.

೫. ಧರ್ಮಪತ್ನಿಯವರಿಗೆ: ಆಕ್ಷೇಪಣೆ ಅಂಗೀಕೃತ. ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಡಲು.

೬. ನೀರುನಾಯಿ ಮತ್ತು ಮರಿಗಳಿಗೆ, ಹೊಳೆಯ ದಂಡೆ: ಹಿಂದಿನ ನೋಟಿಸನ್ನು ಹಿಂಪಡೆಯಲಾಗಿದೆ. ಈ ಸಲ ಹಾಜರಿ ಕರೆಯುವುದಿಲ್ಲ. ದಯವಿಟ್ಟು ಬರಬೇಕು.