ಜಗಲಿ ದಾಟದ ಡೌನರ್

ನಮ್ಮ ಮಾವನ ಮನೆಯೊಳಗೆ ಈವರೆಗೆ ಒಬ್ಬರೂ ಸತ್ತಿಲ್ಲ, ಒಂದು ಬಸ್ಸೂ ತಪ್ಪಿಲ್ಲ, ಭಾರತ ಒಂದು ಪಂದ್ಯವನ್ನೂ ಸೋತಿಲ್ಲ! ಎಲ್ಲವೂ ಆದದ್ದು ಜಗಲಿಯ ಮೇಲೆ.

ಪಾಂಡವಪುರದ ಈ ಸೋದರಮಾವ ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗಳಿಗೆ ಕಾರು ಓಡಿಸುತ್ತಿದ್ದ. ಒಮ್ಮೆ ಅರಮನೆಯ ಬಾಗಿಲು ಮುಚ್ಚಿದ್ದನ್ನು ಕಂಡು ವಿದೇಶಿಯೊಬ್ಬ ‘ಡೌನರ್’ ಎಂದನಂತೆ. ಹಾಗಂದರೇನೆಂದು ಮಾವ ಕೇಳಿದ್ದಕ್ಕೆ, ಎದೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಹೊಟ್ಟೆಯವರೆಗೆ ಇಳಿಸಿ ತೋರಿಸಿದನಂತೆ. ಸಾಕಲ್ಲ! ನಮ್ಮಲ್ಲಿ ಬೇಜಾರು ಎಂಬ ಪದ ಇಲ್ಲವೇ? ಇದೆ. ಆದರೆ ಬೇಜಾರು ಮನೆಮಗಳ ಹಾಗೆ, ಎಲ್ಲಿ ಬೇಕಾದರೂ ಕೂರುತ್ತದೆ. ಡೌನರ್ ಹೊರಗಿನಿಂದ ಬಂದದ್ದು, ಹೊರಗೇ ಕೂರಿಸಬಹುದು. ಇದು ಮಾವನ ಸಿದ್ಧಾಂತ. ಅಂದಿನಿಂದ ಚಪ್ಪಲಿ ಮತ್ತು ಡೌನರ್ ಎರಡನ್ನೂ ಜಗಲಿಯಲ್ಲೇ ಬಿಟ್ಟು ಒಳಗೆ ಬರಬೇಕು.

ಒಂದು ಸಂಜೆ ಪಕ್ಕದ ಮನೆಯವನು ಓಡಿಬಂದ.

“ಅಣ್ಣ, ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು!”

“ಡೌನರ್ ಕಣ್ಲಾ! ಒಳಿಕ್ಕೆ ತರಬ್ಯಾಡ. ಅಲ್ಲೇ ಕುಂತ್ಕೊಂಡು ಯೋಳು.”

“ನಾನೇನೋ ಕುಂತ್ಕೋತೀನಿ. ಕತ್ತಲೆ ಆಗ್ಲೇ ಒಳಿಕ್ಕೆ ಬಂದ್ಬುಟ್ಟೈತಲ್ಲಣ್ಣ!”

ಭಾರತ ಸೋಲತೊಡಗಿದ ದಿನ ಮಾವ ಟಿವಿಯನ್ನೇ ಹೊತ್ತು ಜಗಲಿಗೆ ತಂದಿಟ್ಟ. ಟಿವಿಯೋ, ಬರೀ ಫೋನೋ? ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಟಿವಿ ಎಂದರೆ ಕೇಳುವವರು ನಗುತ್ತಾರೆ, ಹಾಗಾಗಿ ನೆನಪೂ ಟಿವಿಯನ್ನೇ ಆರಿಸಿಕೊಂಡಿರಬೇಕು.

“ನಿಮ್ಮಾವ ಒಂದಿನ ನನ್ನೂ ಆಚೆ ಕೂರುಸ್ತಾರೆ ಕಣಪ್ಪ,” ಎಂದು ಅತ್ತೆ ನಗುತ್ತಿದ್ದಳು.

ಹೋದ ವರ್ಷ ಅತ್ತೆಯ ಕಣ್ಣು ಮಂಜಾಯಿತು. ಮೈಸೂರಿನ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಮಾವನನ್ನೂ ನನ್ನನ್ನೂ ಒಳಗೆ ಕರೆದರು. ಉಳಿದ ದೃಷ್ಟಿಯೂ ನಿಲ್ಲುವುದಿಲ್ಲ, ಆಪರೇಷನ್ನಿನಿಂದ ಉಪಯೋಗವಿಲ್ಲ, ನೀವೇ ಅವರಿಗೆ ಹೇಳಿಬಿಡಿ ಎಂದರು.

ಮನೆ ತಲುಪಿದಾಗ ಅತ್ತೆ ಗೋಡೆ ಸವರಿಕೊಂಡು ಒಳಗೆ ಹೋದಳು. ಮಾವ ಜಗಲಿಯ ಮೇಲೆ ಕೂತುಬಿಟ್ಟ.

“ಬಾ ಮಾವ, ಬಿಸಿಲು,” ಎಂದೆ.

“ನೀನು ನಡಿಯಲಾ. ನಾನಿಲ್ಲೇ ಇರ್ತೀನಿ.”

ಆ ಪದವನ್ನು ಮಾತ್ರ ಅಂದು ಅವನು ಆಡಲಿಲ್ಲ. ಉಪ್ಪಿಟ್ಟು ಆರಿದ್ದಕ್ಕೂ ಆಡುತ್ತಿದ್ದವನು!

ಒಳಗೆ ಮುದ್ದೆ ಆರತೊಡಗಿತು. ಅತ್ತೆ ಕೂಗಿದಳು, ಮತ್ತೆ ಕೂಗಿದಳು. ಕೊನೆಗೆ ಬಾಗಿಲುವಾಡ ಹಿಡಿದು ತಾನೇ ಹೊರಬಂದು, ತಡಕಾಡಿ ಅವನ ಪಕ್ಕ ಕೂತಳು.

“ಒಳಿಕ್ಕೆ ತರಬ್ಯಾಡಿ ಬುಡಿ. ನಾನೇ ಬಂದಿವ್ನಿ. ಈಗ ಯೋಳಿ.”

ಮಾವ ಹೇಳಿದ. ಅತ್ತೆ ಸ್ವಲ್ಪ ಹೊತ್ತು ಅವನ ಕೈ ಹಿಡಿದುಕೊಂಡಿದ್ದು, “ಮುದ್ದೆ ಆರೋಯ್ತದೆ, ನಡೀರಿ,” ಎಂದಳು.

ಇಬ್ಬರೂ ಒಳಗೆ ಹೋದರು. ಮಾವ ಮುಂದೆ, ಅವನ ಹೆಗಲ ಮೇಲೆ ಅವಳ ಕೈ. ಚಪ್ಪಲಿ ಬಿಡುವುದನ್ನು ಮಾವ ಮರೆತಿದ್ದ.